ಬೇವಾರಸಿ ಬಂದೂಕು, ಹೊಣೆಗೇಡಿ ಸರ್ಕಾರ

ಪೇಟೆ ಬೀದಿಯಲ್ಲಿ ಬೈಗುಳವಾಗಿ ಸವೆದುಹೋದ "ಬೇವಾರಸಿ" ಎಂಬ ಮಾತು ಮೂಲತಃ ಕಚೇರಿಯ ಮಾತು. ವಾರಸುದಾರರಿಲ್ಲದ ಮಾಲು ಎಂದಷ್ಟೇ ಅದರ ಅರ್ಥ. ಸಂತೆಯಲ್ಲಿ ತಪ್ಪಿಸಿಕೊಂಡ ಎಮ್ಮೆ, ಬಸ್ ನಿಲ್ದಾಣದಲ್ಲಿ ಉಳಿದುಹೋದ ಟ್ರಂಕು, ಚರಂಡಿ ಪಕ್ಕದಲ್ಲಿ ಸಿಕ್ಕ ಸೈಕಲ್ಲು, ಇವೆಲ್ಲ ಬೇವಾರಸಿ ಮಾಲು. ಇವು ಪೋಲೀಸ್ ಠಾಣೆಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಇಲಿ ಹೆಗ್ಗಣಗಳಿಗೆ ಮನೆಯಾದೀತೇ ಹೊರತು ಯಾರ ಪ್ರಾಣಕ್ಕೂ ಸಂಚಕಾರವಿಲ್ಲ. ಆದರೆ ಅದೇ ಠಾಣೆಯ ಅದೇ ಮುದ್ದೇಮಾಲಿನ ಲೆಕ್ಕದಲ್ಲಿ ಒಂಟಿ ನಳಿಕೆಯ ಬಂದೂಕು, ತುಕ್ಕು ಹಿಡಿದ ರಿವಾಲ್ವರು, ತೋಟಾಗಳ ಪೊಟ್ಟಣ, ಕಲ್ಲು ಕ್ವಾರಿಯ ಮೇಲೆ ದಾಳಿ ಮಾಡಿ ತಂದ ಜಿಲೆಟಿನ್ ಕಡ್ಡಿ ಕೂಡ ಬರುತ್ತವೆ. "ತಾತ್ಕಾಲಿಕವಾಗಿ ಇರಿಸಲಾಗಿದೆ" ಎಂದು ಷರಾ ಬೀಳುತ್ತದೆ. ಆ ತಾತ್ಕಾಲಿಕಕ್ಕೆ ಕೊನೆಯ ತಾರೀಖು ಮಾತ್ರ ಬೀಳುವುದಿಲ್ಲ. ನಮ್ಮ ತಕರಾರೆಲ್ಲ ಆ ಬರೆಯದೆ ಬಿಟ್ಟ ತಾರೀಖಿನ ಮೇಲೆ.

ಈ ಆಯುಧಗಳು ಅಲ್ಲಿಗೆ ಬರುವುದಾದರೂ ಹೇಗೆ? ಕಳ್ಳಕಾಕರಿಂದ, ಗೂಂಡಾಗಳಿಂದ ಜಪ್ತಿ ಮಾಡಿದ್ದು ಒಂದು ಪಾಲು. ಇನ್ನೊಂದು ಪಾಲು ಮರ್ಯಾದಸ್ಥರೇ ಕೈಯಾರೆ ತಂದು ಒಪ್ಪಿಸಿದ್ದು. ಹೊಲದ ಕಾವಲಿಗೆಂದು ಲೈಸೆನ್ಸ್ ಪಡೆದ ರೈತ ತೀರಿಕೊಂಡನೆನ್ನಿ. ಅವನ ಹೆಂಡತಿ ಆ ಬಂದೂಕನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 1959ರ ಆಯುಧ ಕಾಯಿದೆಯ 21ನೆಯ ಸೆಕ್ಷನ್ನಿನಂತೆ ಸುಮ್ಮನೆ ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸುಳ್ಳ ಬಂದೂಕಿನ ವ್ಯಾಪಾರಿಗೋ ಅದನ್ನು ಒಪ್ಪಿಸಬೇಕು. ಲೈಸೆನ್ಸ್ ಮುಗಿದು ನವೀಕರಣವಾಗದವನಿಗೂ ಇದೇ ದಾರಿ. 2019ರ ತಿದ್ದುಪಡಿ ಬಂದಾಗ, ಒಬ್ಬನಿಗೆ 3 ಬಂದೂಕು ಎಂದಿದ್ದುದನ್ನು 2ಕ್ಕೆ ಇಳಿಸಿ, ಮೂರನೆಯದನ್ನು ಒಂದು ವರ್ಷದೊಳಗೆ ತಂದು ಒಪ್ಪಿಸಬೇಕೆಂದು ಆಜ್ಞೆಯಾಯಿತು. ಇನ್ನು ಚುನಾವಣೆ ಬಂತೆಂದರೆ ಹೇಳುವುದೇ ಬೇಡ. ಪೇಟೆಯ ಚಿನ್ನಬೆಳ್ಳಿ ವ್ಯಾಪಾರಿಯಿಂದ ಹಿಡಿದು ಹಂದಿಯ ಕಾಟಕ್ಕೆ ಕೋವಿ ಇಟ್ಟುಕೊಂಡ ಮಲೆನಾಡಿನ ರೈತನವರೆಗೆ ಎಲ್ಲರೂ ಠಾಣೆಯ ಮುಂದೆ ಸಾಲುಗಟ್ಟಬೇಕು. ಫಲಿತಾಂಶ ಬಂದು ಒಂದು ವಾರವಾದ ಕೂಡಲೇ ಹಿಂತಿರುಗಿಸತಕ್ಕದ್ದೆಂದು ಚುನಾವಣಾ ಆಯೋಗದ ಸೂಚನೆಯೇನೋ ಉಂಟು. ಹಿಂದಕ್ಕೆ ಪಡೆಯುವಷ್ಟರಲ್ಲಿ ಎಷ್ಟು ಸಲ ಚಪ್ಪಲಿ ಸವೆಯುತ್ತದೆಂಬುದನ್ನು ನಮ್ಮ ವ್ಯಾಪಾರಿ ಓದುಗರನ್ನೇ ಕೇಳಬೇಕು.

ಒಪ್ಪಿಸಿದ್ದನ್ನು ಎಲ್ಲರೂ ಹಿಂದಕ್ಕೆ ಪಡೆಯುವುದಿಲ್ಲ. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋದ. ತಾಯಿಗೆ ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತುವ ಶಕ್ತಿಯಿಲ್ಲ. ರಸೀದಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದು ಮಳೆಗಾಲದಲ್ಲಿ ಒದ್ದೆಯಾಗಿ ಹೋಯಿತು. ಬಂದೂಕು ಬೇವಾರಸಿಯಾಯಿತು. ಹೀಗೆ ಆಗುವುದು ಬಡವರದೇ ಹೆಚ್ಚೆಂದು ಬೇರೆ ಹೇಳಬೇಕೆ? ದೊಡ್ಡ ಜಮೀನ್ದಾರನ ಜೋಡು ನಳಿಕೆಯ ಬಂದೂಕಿಗೆ ವಕೀಲರಿದ್ದಾರೆ. ಅದು ಎಂದೂ ಬೇವಾರಸಿಯಾಗುವುದಿಲ್ಲ.

ಕಾನೂನೇ ಇಲ್ಲವೆಂದು ಸರ್ಕಾರ ಹೇಳುವ ಹಾಗಿಲ್ಲ. ಅದೇ 21ನೆಯ ಸೆಕ್ಷನ್ನು, ನಿಯಮದಲ್ಲಿ ಗೊತ್ತುಮಾಡಿದ ಅವಧಿಯೊಳಗೆ ಯಾರೂ ಬಾರದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ವಾರಸುದಾರರಿಗೆ 30 ದಿನದ ನೋಟೀಸು ಕೊಟ್ಟು, ಉತ್ತರ ಕೇಳಿ, ಆಯುಧವನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದೆಂದು ವಿಧಿಸಿದೆ. ಪೋಲೀಸರಿಗೆ ಸಿಕ್ಕ ಮಾಲಿನ ಒಡೆಯ ಗೊತ್ತಿಲ್ಲದಿದ್ದರೆ ಮ್ಯಾಜಿಸ್ಟ್ರೇಟರು ಜಾಹೀರು ಮಾಡಿ 6 ತಿಂಗಳು ಕಾಯಬೇಕೆಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೇ ಇತ್ತು, ಹೊಸ ಸಂಹಿತೆಯಲ್ಲಿಯೂ ಇದೆ. 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಜಪ್ತಿಯಾದ ಮಾಲನ್ನು ಠಾಣೆಯಲ್ಲಿ 15 ದಿನ, ಬಹಳವೆಂದರೆ ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ಹೇಳಿತು. ಆ ಮೊಕದ್ದಮೆಯ ಆಪಾದಿತರು ಯಾರು ಗೊತ್ತೆ? ಠಾಣೆಯಲ್ಲಿಟ್ಟ ಮಾಲನ್ನು ದುರುಪಯೋಗ ಮಾಡಿ, ಬೆಲೆಯುಳ್ಳದ್ದನ್ನು ತೆಗೆದು ನಕಲಿ ಇಟ್ಟರೆಂಬ ಆರೋಪ ಹೊತ್ತ ಗುಜರಾತಿನ ಪೋಲೀಸರೇ. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ದೂರನ್ನು ವಿಚಾರಿಸುತ್ತಲೇ ನ್ಯಾಯಾಲಯ ಆ ಮಾತನ್ನು ಹೇಳಬೇಕಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೆಯ ಸೆಕ್ಷನ್ನಂತೂ ಇನ್ನೂ ಬಿಗಿ. ಮಾಲು ನ್ಯಾಯಾಲಯದ ಮುಂದೆ ಬಂದ 14 ದಿನದಲ್ಲಿ ಪಟ್ಟಿ ಆಗಬೇಕು, ಫೋಟೋ ತೆಗೆಯಬೇಕು, ಅಲ್ಲಿಂದ 30 ದಿನದಲ್ಲಿ ಅದನ್ನು ಕೊಡುವುದೋ ಮುಟ್ಟುಗೋಲೋ ನಾಶವೋ ಎಂಬುದು ತೀರ್ಮಾನವಾಗಬೇಕು. ಫೋಟೋ ಇದ್ದರೆ ಸಾಕ್ಷ್ಯಕ್ಕೆ ಸಾಕು. ಮಾಲೇ ಕೊಳೆಯುತ್ತ ಕೂರಬೇಕಾಗಿಲ್ಲ.

ಇಷ್ಟೆಲ್ಲ ಕಾನೂನು ಇಟ್ಟುಕೊಂಡೂ ಯಾವ ಠಾಣೆಯ ಅಂಗಳದಲ್ಲಿ ನೋಡಿದರೂ ಗಿಡಗಂಟಿ ಬೆಳೆದ ಲಾರಿ, ಚಕ್ರ ಕಳಚಿದ ಸ್ಕೂಟರು ಕಾಣುತ್ತವೆ. ಹೊರಗೆ ಕಣ್ಣಿಗೆ ಕಾಣುವ ಮಾಲಿನ ಗತಿಯೇ ಇದಾದರೆ ಒಳಗೆ ಬೀಗ ಹಾಕಿದ ಕೋಣೆಯ ಮಾಲಿನ ಗತಿ ಏನು? ಆಯುಧಪೂಜೆಯ ದಿನ ಠಾಣೆಯ ರೈಫಲುಗಳನ್ನು ಒರೆಸಿ, ಅರಿಸಿನ ಕುಂಕುಮವಿಟ್ಟು, ಬೂದುಗುಂಬಳ ಒಡೆಯುತ್ತಾರೆ. ಬೇವಾರಸಿ ಬಂದೂಕಿಗೆ ವರ್ಷಕ್ಕೊಮ್ಮೆ ಆ ಕುಂಕುಮದ ಭಾಗ್ಯವಾದರೂ ಇದ್ದಿದ್ದರೆ ಅದರ ನಳಿಕೆಯಲ್ಲಿ ತೋಟಾ ಉಳಿದಿದೆಯೋ ಇಲ್ಲವೋ ಎಂದಾದರೂ ಯಾರೋ ನೋಡುತ್ತಿದ್ದರು.

ಇದು ಅತಿರೇಕದ ಮಾತೆಂದು ಬಗೆಯುವವರು 2025ರ ನವೆಂಬರ್ 14ರ ರಾತ್ರಿಯನ್ನು ನೆನೆಯಲಿ. ಹರಿಯಾಣದ ಫರೀದಾಬಾದಿನಲ್ಲಿ ಹಿಡಿದ ಭಾರಿ ಪ್ರಮಾಣದ ಸ್ಫೋಟಕ ಸಾಮಗ್ರಿಯನ್ನು ಅಷ್ಟು ದೂರದಿಂದ ಸಾಗಿಸಿ ಶ್ರೀನಗರದ ಹೊರವಲಯದ ನೌಗಾಮ್ ಠಾಣೆಗೆ ತಂದಿಟ್ಟಿದ್ದರು. ಅಲ್ಲಿಗೇಕೆ? ಮೊಕದ್ದಮೆ ದಾಖಲಾದದ್ದು ಆ ಠಾಣೆಯಲ್ಲಿ. ಆದುದರಿಂದ ಮಾಲೂ ಆ ಠಾಣೆಗೇ ಸೇರಬೇಕು! ಸೈಕಲ್ಲಿಗೆ ಹೊಂದುವ ಪದ್ಧತಿಯನ್ನು ಸಿಡಿಮದ್ದಿಗೂ ಹೊಂದಿಸಿದರು. ಠಾಣೆಯ ತೆರೆದ ಜಾಗದಲ್ಲಿ ಇಟ್ಟು ಪರೀಕ್ಷೆಗೆ ಮಾದರಿ ತೆಗೆಯುತ್ತಿರುವಾಗ ಅದು ಸಿಡಿಯಿತು. 9 ಜನ ಸತ್ತರು, ಸುಮಾರು 30 ಜನ ಗಾಯಗೊಂಡರು, ಠಾಣೆ ನುಚ್ಚುನೂರಾಯಿತು, ಸುತ್ತಣ ಮನೆಗಳೂ ಬಿರುಕುಬಿಟ್ಟವು.

ಸತ್ತವರ ಪಟ್ಟಿಯನ್ನು ನಮ್ಮ ಗಿರಣಿ ಬಂಧುಗಳು ಒಮ್ಮೆ ನಿಧಾನವಾಗಿ ಓದಬೇಕು. ತನಿಖಾ ದಳದ ಒಬ್ಬರು, ಪ್ರಯೋಗಶಾಲೆಯ ಮೂವರು, ಫೋಟೋ ತೆಗೆಯುವವರು ಇಬ್ಬರು, ಕಂದಾಯ ಇಲಾಖೆಯವರು ಇಬ್ಬರು. ಇನ್ನೊಬ್ಬ? ಒಬ್ಬ ದರ್ಜಿ. ಮಾದರಿಯ ಚೀಲಗಳನ್ನು ಹೊಲಿದು ಮುಚ್ಚುವುದಕ್ಕೆ ಕರೆತಂದಿದ್ದ ಊರಿನ ದರ್ಜಿ! ಅವನಿಗೆ ಸಂಬಳವಿಲ್ಲ, ಪೆನ್ಶನ್ನಿಲ್ಲ, ಪದಕವಿಲ್ಲ. ಠಾಣೆಯವರು ಕರೆದರೆ ಬರುವುದಿಲ್ಲವೆನ್ನಲು ಬೀದಿಯಲ್ಲಿ ಅಂಗಡಿ ಇಟ್ಟವನಿಗೆ ಸಾಧ್ಯವೆ? ನಮ್ಮೂರಿನಲ್ಲಿಯೂ ಮಹಜರಿಗೆ ಸಾಕ್ಷಿ ಬೇಕೆಂದಾಗ ಪಕ್ಕದ ಬೀಡಾ ಅಂಗಡಿಯವನನ್ನು, ಪೆಟ್ಟಿಗೆ ಹೊರಲು ಸ್ಟ್ಯಾಂಡಿನ ಹಮಾಲಿಯನ್ನು, ಬೀಗ ಒಡೆಯಲು ಬೀಗ ರಿಪೇರಿಯವನನ್ನು ಕರೆಯುವುದು ಹೀಗೆಯೇ. ಸರ್ಕಾರ ಇದನ್ನು ಆಕಸ್ಮಿಕವೆಂದಿತು. ಸಿಡಿದದ್ದು ಆಕಸ್ಮಿಕವೇ ಇರಬಹುದು, ನಾವು ಒಪ್ಪುತ್ತೇವೆ. ಮನೆಗಳ ನಡುವಿನ ಠಾಣೆಯಲ್ಲಿ ಅದನ್ನು ತಂದಿಟ್ಟದ್ದೂ ಆಕಸ್ಮಿಕವೆ? ದರ್ಜಿಯನ್ನು ಕರೆದದ್ದೂ ಆಕಸ್ಮಿಕವೆ?

ಇದಕ್ಕಿಂತ ಮೊದಲು ಪಾಠ ಹೇಳುವ ಪ್ರಸಂಗಗಳು ಹೊರದೇಶಗಳಲ್ಲಿ ನಡೆದುಹೋಗಿದ್ದವು. ಅದರಲ್ಲಿ ಒಂದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಕಾರಣವುಂಟು.

ಮೆಡಿಟರೇನಿಯನ್ ಸಮುದ್ರದಲ್ಲಿ ಸೈಪ್ರಸ್ ಎಂಬ ಸಣ್ಣ ದ್ವೀಪ. 2009ರ ಆರಂಭದಲ್ಲಿ ಇರಾನಿನಿಂದ ಸಿರಿಯಾಕ್ಕೆ ಹೊರಟಿದ್ದ ಮಾಂಚೆಗೋರ್ಸ್ಕ್ ಎಂಬ ಹಡಗನ್ನು ಅಲ್ಲಿ ತಡೆದು, ವಿಶ್ವಸಂಸ್ಥೆಯ ನಿರ್ಬಂಧಕ್ಕೆ ವಿರುದ್ಧವಾದ ಮದ್ದುಗುಂಡಿನ 98 ಪೆಟ್ಟಿಗೆಗಳನ್ನು ಇಳಿಸಿಕೊಂಡರು. ನಮ್ಮದೆಂದು ಕೇಳಲು ಯಾವ ಧಣಿಯೂ ಬರುವಂತಿಲ್ಲದ ಮಾಲು. ನಾಶಮಾಡಿದರೆ ಸಿರಿಯಾಕ್ಕೆ ಮುನಿಸು, ಹಿಂದಕ್ಕೆ ಕೊಟ್ಟರೆ ವಿಶ್ವಸಂಸ್ಥೆಗೆ ಮುನಿಸು. ಆದ್ದರಿಂದ "ಸದ್ಯಕ್ಕೆ ಇರಲಿ" ಎಂದು ಮಾರಿ ಎಂಬ ಊರಿನ ಬಳಿಯ ನೌಕಾನೆಲೆಯಲ್ಲಿ, ಬಯಲಿನಲ್ಲಿ, ಒಂದರ ಮೇಲೊಂದು ಪೇರಿಸಿದರು. ಎರಡು ಬೇಸಗೆಯನ್ನು ಅವು ಬಿಸಿಲಿನಲ್ಲಿ ಬೆಂದು ಕಳೆದವು, ಮೂರನೆಯದು ಬಂತು. ಕಾಗದಗಳು ಓಡಾಡಿದವು, ಸಭೆಗಳು ಸೇರಿದವು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲವೆಂಬ ಗಾದೆ ಅಲ್ಲಿಯೂ ನಿಜವಾಯಿತು. 2011ರ ಜುಲೈ ಮೊದಲ ವಾರದಲ್ಲಿ ಒಂದು ಪೆಟ್ಟಿಗೆ ಒಳಗಿಂದ ಉಬ್ಬಿಕೊಂಡಿತು. ಆಗಲೂ ಸಭೆಯೇ ನಡೆಯಿತು. ಜುಲೈ 11ರ ಬೆಳಗಿನ ಜಾವ ಎಲ್ಲವೂ ಸಿಡಿದು 13 ಜನ ಸತ್ತರು. ನೌಕಾಪಡೆಯ ಮುಖ್ಯಸ್ಥನೂ ನೆಲೆಯ ಅಧಿಕಾರಿಯೂ ಅವರಲ್ಲಿದ್ದರು. ಬೆಂಕಿ ಆರಿಸಲು ಓಡಿಬಂದ 6 ಮಂದಿ ಅಗ್ನಿಶಾಮಕರಿದ್ದರು. ಪಕ್ಕದಲ್ಲಿದ್ದ ವಾಸಿಲಿಕೋಸ್ ವಿದ್ಯುದಾಗಾರ ಹಾಳಾಗಿ ದ್ವೀಪದ ಅರ್ಧದಷ್ಟು ವಿದ್ಯುತ್ತೇ ಹೋಯಿತು. ಗಿರಣಿ ನಿಂತರೆ, ಅಂಗಡಿ ಕತ್ತಲಾದರೆ ಯಾರ ಹೊಟ್ಟೆಗೆ ಪೆಟ್ಟೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ವಿಸ್ತಾರವಾಗಿ ಹೇಳಿದ್ದೇಕೆಂದರೆ, ಆಗ ಸೈಪ್ರಸ್ಸಿನ ಅಧ್ಯಕ್ಷರಾಗಿದ್ದವರು ಎಡಪಕ್ಷದವರು, ಅಕೆಲ್ ಪಕ್ಷದ ದಿಮಿತ್ರಿಸ್ ಕ್ರಿಸ್ಟೋಫಿಯಾಸ್. ಕೆಂಬಾವುಟದ ಕೆಳಗೆ ನಡೆದದ್ದೆಂದು ಈ ಪ್ರಕರಣವನ್ನು ಸದ್ದಿಲ್ಲದೆ ದಾಟಿಹೋಗುವ ಅಭ್ಯಾಸ ನಮಗಿಲ್ಲ. ವಿಚಾರಣೆ ನಡೆಸಿದ ಪಾಲಿವಿಯೂ ಆಯೋಗ ಅಧ್ಯಕ್ಷರನ್ನೇ ನೇರ ಹೊಣೆಗಾರರೆಂದು ಹೇಳಿತು. ಅವರು ಅದನ್ನು ಒಪ್ಪಲಿಲ್ಲ. ರಕ್ಷಣಾ ಮಂತ್ರಿಯಾಗಿದ್ದ ಕೋಸ್ಟಾಸ್ ಪಾಪಕೋಸ್ಟಾಸ್ ರಾಜೀನಾಮೆ ಕೊಟ್ಟರು. 2013ರಲ್ಲಿ ನರಹತ್ಯೆಯ ಅಪರಾಧಕ್ಕಾಗಿ ಅವರಿಗೆ 5 ವರ್ಷದ ಶಿಕ್ಷೆಯಾಯಿತು. ಮಂತ್ರಿಗೆ ಶಿಕ್ಷೆ! ನಮ್ಮ ದೇಶದಲ್ಲಿ ಇಂಥ ಪ್ರಕರಣವೊಂದರಲ್ಲಿ ದಫೇದಾರನ ಮೇಲಿನ ಅಧಿಕಾರಿಯವರೆಗೆ ಹೊಣೆ ಏರಿದರೂ ಅದನ್ನು ನಾವು ಕ್ರಾಂತಿಯೆಂದೇ ಕರೆಯುತ್ತೇವೆ.

ಬೇರೂತ್ ಬಂದರಿನ ಕಥೆಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದಾರೆ. 2013ರಲ್ಲಿ ಬಂದು ಮಾಲೀಕನೇ ಕೈಬಿಟ್ಟ ಹಡಗಿನ 2,750 ಟನ್ನು ಅಮೋನಿಯಂ ನೈಟ್ರೇಟು ಸರ್ಕಾರಿ ಗೋದಾಮಿನಲ್ಲಿ ಕೂತಿತು. ವಿಲೇವಾರಿ ಮಾಡಿಸಿರೆಂದು ಸುಂಕದ ಅಧಿಕಾರಿಗಳು ನ್ಯಾಯಾಧೀಶರಿಗೆ ಮೇಲಿಂದ ಮೇಲೆ ಬರೆದರು. 2020ರ ಆಗಸ್ಟ್ 4ರಂದು ಅದು ಸಿಡಿದು 200ಕ್ಕೂ ಹೆಚ್ಚು ಜನ ಸತ್ತು ಅರ್ಧ ನಗರ ಹಾಳಾಯಿತು. ಅದು ಆಯುಧವಲ್ಲ, ಗೊಬ್ಬರಕ್ಕೂ ಬರುವ ವಸ್ತುವೆಂದು ಯಾರಾದರೂ ವಾದ ಹೂಡಿಯಾರು. ಗೋದಾಮಿನಲ್ಲಿ ಕೂತದ್ದಕ್ಕೆ ಆ ಭೇದ ಗೊತ್ತಿರಲಿಲ್ಲ.

ಸಿಡಿಯುವುದೊಂದೇ ಅಪಾಯವಲ್ಲ, ಸೂರೆಯಾಗುವುದೂ ಉಂಟು. 2023ರ ಮೇ ತಿಂಗಳಿಂದ ಮಣಿಪುರ ಹೊತ್ತಿ ಉರಿದಾಗ ಪೋಲೀಸ್ ಶಸ್ತ್ರಾಗಾರಗಳಿಂದ ಸುಮಾರು 6,000 ಆಯುಧಗಳು ಹೋದವೆಂದು ಲೆಕ್ಕ. ಅವು ಕಾಯ್ದಿಟ್ಟ ಆಯುಧಗಳು; ಕಾವಲಿತ್ತು, ಲೆಕ್ಕವಿತ್ತು. 2025ರ ಫೆಬ್ರವರಿಯಲ್ಲಿ ರಾಜ್ಯಪಾಲರು ಗಡುವು ಕೊಟ್ಟು ತಂದೊಪ್ಪಿಸಿರೆಂದು ಕರೆದಾಗ ಮರಳಿ ಬಂದದ್ದು ಸುಮಾರು 1,000. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಶಸ್ತ್ರಾಗಾರದ ಗತಿಯೇ ಇದಾದರೆ ಹಳೆಯ ಕಾಗದದ ಕಟ್ಟುಗಳ ನಡುವೆ ಒಂದೇ ಬೀಗದ ಮೇಲೆ ನಿಂತಿರುವ ಮುದ್ದೇಮಾಲಿನ ಕೋಣೆಯನ್ನು ಕುರಿತು ಏನು ಹೇಳೋಣ?

ಅಧಿಕಾರಿಗಳನ್ನು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮೊಕದ್ದಮೆ ಮುಗಿದಿಲ್ಲ, ಸಿಬ್ಬಂದಿಯಿಲ್ಲ, ಮೇಲಿನಿಂದ ಆಜ್ಞೆ ಬಂದಿಲ್ಲ. ಮೊದಲನೆಯದಕ್ಕೆ 497ನೆಯ ಸೆಕ್ಷನ್ನೇ ಉತ್ತರ. ಸಿಬ್ಬಂದಿಯಿಲ್ಲವೆಂಬುದು ನಿಜ, ಅದನ್ನು ನಾವು ಹಾಸ್ಯ ಮಾಡುವುದಿಲ್ಲ. ಮುದ್ದೇಮಾಲಿನ ಕೋಣೆಯ ಬೀಗದಕೈ ಇರುವುದು ಒಬ್ಬ ಹೆಡ್ ಕಾನ್‌ಸ್ಟೇಬಲ್‌ನ ಸೊಂಟದಲ್ಲಿ. ಆತನಿಗೆ ಬಂದೋಬಸ್ತು, ಸಮನ್ಸು, ಮಂತ್ರಿಗಳ ಮೆರವಣಿಗೆ ಎಲ್ಲ ಮುಗಿದ ಮೇಲೆ ಈ ಕೆಲಸ. ವರ್ಗವಾದರೆ ಹಿಂದಿನವನು ಬಿಟ್ಟ ಪಟ್ಟಿಯನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತಾನೆ. ತೆರೆದು ಎಣಿಸಲು ಹೊರಟು ಒಂದು ಕಡಿಮೆ ಬಂದರೆ ತಲೆ ಹೋಗುವುದು ತನ್ನದೇ ಎಂದು ಆತ ಬಲ್ಲ. ಅಪಾಯದ ಗೋಡೆಗೆ ಒರಗಿ ರಾತ್ರಿ ಪಾಳಿ ಮಾಡುವವನೂ ಅವನೇ. ಗಿರಣಿಯ ಬಾಯ್ಲರಿನ ಪಕ್ಕದಲ್ಲಿ ನಿಲ್ಲುವವನಿಗೂ ಇವನಿಗೂ ಏನು ವ್ಯತ್ಯಾಸ? ಬಾಯ್ಲರಿಗಾದರೂ ಇನ್‌ಸ್ಪೆಕ್ಟರು ಬಂದು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡಬೇಕೆಂದು 1923ರ ಕಾಯಿದೆಯೇ ಹೇಳಿತ್ತು. ಖಾಸಗಿ ಧಣಿಯ ಬಾಯ್ಲರಿಗೆ ಪರೀಕ್ಷೆಯುಂಟು, ಸರ್ಕಾರದ ಸ್ವಂತ ಕೋಣೆಗೆ ಮಾತ್ರ ಬೀಗವೇ ಸರ್ಟಿಫಿಕೇಟು!

ಹಾಗಾದರೆ ಬೇಗ ನಾಶಮಾಡಿಬಿಡಿ ಎಂದಷ್ಟೇ ಕೂಗಿದರೆ ಸಾಲದು. ನಾಶಮಾಡುವವರ ಕೈ ಯಾರದು ಎಂಬ ಪ್ರಶ್ನೆಯಿದೆ. 2018ರ ನವೆಂಬರ್ 20ರಂದು ಮಹಾರಾಷ್ಟ್ರದ ಪುಲಗಾಂವ್ ಬಳಿ ಅವಧಿ ಮೀರಿದ ಮದ್ದುಗುಂಡನ್ನು ನಾಶಪಡಿಸಲು ಇಳಿಸುತ್ತಿದ್ದಾಗ ಸಿಡಿದು 6 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಸುತ್ತಣ ಹಳ್ಳಿಗಳಿಂದ ಬಂದ ಗುತ್ತಿಗೆಯ ಕೂಲಿಗಳು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯಲ್ಲಿ ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೋಗಿ ಸತ್ತವರೂ 6 ಜನ. ಆ ಮಾಲು ಖಾಸಗಿಯವರದು, ಪುಲಗಾಂವದ್ದು ಸರ್ಕಾರದ್ದು. ಆದರೆ ಹೊರುವ ಹೆಗಲು ಎರಡು ಕಡೆಯೂ ಒಂದೇ ಜಾತಿಯದು. ಆಯುಧ ಮಾಡುವಾಗ ಇಂಜಿನಿಯರು, ಪೂಜೆ ಮಾಡುವಾಗ ಮಂತ್ರಿ, ಹಾಳುಮಾಡುವಾಗ ದಿನಗೂಲಿ!

ಆದುದರಿಂದ ನಾವು ಕೇಳುವುದನ್ನು ಬಿಡಿಸಿ ಹೇಳುತ್ತೇವೆ. ಸ್ಫೋಟಕ ವಸ್ತು ಒಂದು ದಿನವೂ ಠಾಣೆಯಲ್ಲಾಗಲಿ ತಾಲ್ಲೂಕು ಕಚೇರಿಯಲ್ಲಾಗಲಿ ನಿಲ್ಲಕೂಡದು. ಊರ ಹೊರಗೆ, ಅದಕ್ಕೆಂದೇ ಲೈಸೆನ್ಸ್ ಪಡೆದ ಮದ್ದಿನ ಮನೆಗೆ ಹೋಗಬೇಕು, ಮೊಕದ್ದಮೆ ಯಾವ ಠಾಣೆಯದೇ ಆಗಿರಲಿ. ಬಂದೂಕೂ ತೋಟಾವೂ ಒಂದೇ ಬೀರುವಿನಲ್ಲಿರಕೂಡದು. ಒಪ್ಪಿಸಿಕೊಂಡ ಪ್ರತಿಯೊಂದು ಆಯುಧದ ಮುಂದೆ "ಇಂಥ ತಾರೀಖಿನೊಳಗೆ ತೀರ್ಮಾನ" ಎಂದು ಬರೆದು, ಹೊಣೆ ಹೊತ್ತ ಗೆಜೆಟೆಡ್ ಅಧಿಕಾರಿಯ ಹೆಸರನ್ನೂ ಬರೆಯಬೇಕು. ದಫೇದಾರನ ಹೆಸರಲ್ಲ. ವರ್ಷಕ್ಕೊಮ್ಮೆ ಜಿಲ್ಲಾ ಮ್ಯಾಜಿಸ್ಟ್ರೇಟರೇ ನಿಂತು ಎಣಿಸಿ, ವಾರಸುದಾರರಿಲ್ಲದ ಆಯುಧ ಎಷ್ಟು, ಮುಟ್ಟುಗೋಲಾದದ್ದೆಷ್ಟು, ನಾಶವಾದದ್ದೆಷ್ಟು ಎಂಬ ಸಂಖ್ಯೆಯನ್ನು ಪ್ರಕಟಿಸಬೇಕು. ಇದು ರಹಸ್ಯವೆಂದು ಗೃಹ ಇಲಾಖೆ ಹೇಳೀತು. ಎಲ್ಲಿಟ್ಟಿದ್ದೀರಿ, ಕಾವಲಿಗೆ ಎಷ್ಟು ಜನ ಎಂದು ನಾವು ಕೇಳುತ್ತಿಲ್ಲ, ಎಷ್ಟಿದೆ ಎಂದಷ್ಟೇ. ಕಳ್ಳನಿಗೆ ಸಂಖ್ಯೆಯಿಂದ ಪ್ರಯೋಜನವಿಲ್ಲ, ತೆರಿಗೆ ಕೊಡುವವನಿಗೆ ಉಂಟು. ಇನ್ನು ವಿಲೇವಾರಿಯ ಕೆಲಸ ತರಬೇತಿ ಪಡೆದ ಕಾಯಂ ನೌಕರರದೇ ಆಗಬೇಕು. ದರ್ಜಿಯಾಗಲಿ ಹಮಾಲಿಯಾಗಲಿ ಬೇಕೇ ಬೇಕೆಂದು ಕರೆದರೆ ಆ ದಿನದ ಮಟ್ಟಿಗೆ ಅವನೂ ಸರ್ಕಾರದ ನೌಕರನೆಂದು ಬಗೆದು, ಕೈಕಾಲು ಹೋದರೆ, ಪ್ರಾಣ ಹೋದರೆ, ಇಲಾಖೆಯವನಿಗೆ ಸಲ್ಲುವಷ್ಟೇ ಪರಿಹಾರ ಅವನ ಮನೆಗೂ ಸಲ್ಲಬೇಕು.

ಇಷ್ಟರಲ್ಲಿ ನಮ್ಮ ಓದುಗರು ಮಾಡಬಹುದಾದ ಕೆಲಸವೂ ಒಂದಿದೆ. ತಂದೆಯದೋ ಗಂಡನದೋ ಬಂದೂಕನ್ನು ಠಾಣೆಗೆ ಒಪ್ಪಿಸಿ ಸುಮ್ಮನಾದವರು ಇದ್ದರೆ ರಸೀದಿಯನ್ನು ಹುಡುಕಿ ತೆಗೆಯಿರಿ. ಅವಧಿ ಮೀರಿರದಿದ್ದರೆ ಅದನ್ನು ಲೈಸೆನ್ಸುಳ್ಳವರಿಗೆ ಮಾರಿಸಿ ಹಣ ಪಡೆಯುವ ಹಕ್ಕು ಸತ್ತವನ ಕಾನೂನುಬದ್ಧ ವಾರಸುದಾರರಿಗೆ ಅದೇ 21ನೆಯ ಸೆಕ್ಷನ್ನಿನಲ್ಲಿದೆ. ಠಾಣೆಯವರು ಹೇಳಲಿಲ್ಲವೆಂದ ಮಾತ್ರಕ್ಕೆ ಹಕ್ಕು ಇಲ್ಲವಾಗುವುದಿಲ್ಲ. ಚುನಾವಣೆಯಲ್ಲಿ ಒಪ್ಪಿಸಿ ಇನ್ನೂ ಹಿಂದಕ್ಕೆ ಬಾರದ ಬಂದೂಕಿನ ವ್ಯಾಪಾರಿಗಳೂ ರಸೀದಿಯ ನಕಲನ್ನು ತನ್ನಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಕೂಡದು. 30 ದಿನದಲ್ಲಿ ಉತ್ತರ ಬರಬೇಕು. "ಈ ಠಾಣೆಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ವಾರಸುದಾರರಿಲ್ಲದೆ ಉಳಿದಿರುವ ಆಯುಧಗಳ ಸಂಖ್ಯೆ ಎಷ್ಟು, ಅವುಗಳ ಬಗ್ಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕೊನೆಯ ಸಲ ವರದಿ ಹೋದ ತಾರೀಖು ಯಾವುದು" ಎಂದು ಕೇಳಲು 150 ಪದವೂ ಬೇಡ. ತಾಲ್ಲೂಕಿಗೊಬ್ಬರಂತೆ ಅರ್ಜಿ ಹಾಕಲು ಮುಂದೆ ಬರುವವರು ಭಾನುವಾರ ಬೆಳಗ್ಗೆ ಪತ್ರಿಕೆಯ ಕಚೇರಿಗೆ ಬರಲಿ, ನಮೂನೆ ಬರೆದಿಟ್ಟಿರುತ್ತೇವೆ. ಬಂದ ಉತ್ತರವನ್ನೂ ಬಾರದ ಉತ್ತರವನ್ನೂ ಠಾಣೆವಾರು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.